ಹಡಗಿನ ಯುದ್ಧದ ಆಟ ಶುರು ಮಾಡಬೇಕು, ಎಲ್ಲಿಂದ ಹಿಡಿಯಲಿ? ಹಾಸನದಲ್ಲಿ ಯಾರಾದರೂ ಆಡುತ್ತೀರಾ?

ಸಾಲಗಾಮೆ ರಸ್ತೆ

ಎಲ್ಲರಿಗೂ ನಮಸ್ಕಾರ. ದಸರಾ ರಜೆಯಲ್ಲಿ ಮಗನನ್ನು ಕಾರವಾರಕ್ಕೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಟ್ಯಾಗೋರ್ ಬೀಚಿನಲ್ಲಿ ಐಎನ್‌ಎಸ್ ಚಪಲ್ ಅನ್ನುವ ಯುದ್ಧನೌಕೆಯನ್ನು ಮ್ಯೂಸಿಯಂ ಮಾಡಿ ನಿಲ್ಲಿಸಿದ್ದಾರೆ. ನೋಡಿದವರಿಗೆ ಗೊತ್ತು, ಅದೇನೂ ಭಾರಿ ಹಡಗಲ್ಲ. ಮೂರು ಬಸ್ಸನ್ನು ಸಾಲಾಗಿ ನಿಲ್ಲಿಸಿದರೆ ಎಷ್ಟೋ ಅಷ್ಟೇ ಉದ್ದ. ಮಗ ಎಂಟನೇ ಕ್ಲಾಸು. "ಅಪ್ಪಾ, ಇಷ್ಟು ಚಿಕ್ಕದು ದೊಡ್ಡ ಹಡಗನ್ನು ಹೇಗೆ ಮುಳುಗಿಸುತ್ತೆ?" ಅಂತ ಕೇಳಿದ. ನನಗೆ ಸರಿಯಾಗಿ ಹೇಳಲು ಬರಲಿಲ್ಲ. ಹಾಸನಕ್ಕೆ ವಾಪಸ್ ಬರುವ ತನಕ ಅದೇ ಮಾತು.

ಮನೆಗೆ ಬಂದು ಹುಡುಕಿದಾಗ ಗೊತ್ತಾಯಿತು, ಪುಟ್ಟ ಪುಟ್ಟ ಹಡಗಿನ ಮಾದರಿಗಳನ್ನು ಮೇಜಿನ ಮೇಲೆ ಇಟ್ಟುಕೊಂಡು, ದಾಳ ಹಾಕಿ, ಅಳತೆಪಟ್ಟಿ ಹಿಡಿದು ನೌಕಾಯುದ್ಧ ಆಡುವವರು ಪ್ರಪಂಚದ ತುಂಬ ಇದ್ದಾರೆ. ಇಬ್ಬರಿಗೂ ಹುಚ್ಚು ಹಿಡಿಯಿತು. ಆನ್‌ಲೈನಿನಲ್ಲಿ ಹೊರದೇಶದಿಂದ ಹಾಯಿಹಡಗುಗಳ ಒಂದು ಡಬ್ಬ ತರಿಸಿದೆ. ಬರಲು ತಿಂಗಳಿನ ಮೇಲಾಯಿತು. ಬಂದಾಗ ನಾಲ್ಕು ಹಡಗಿನ ಕಂಬ ಮುರಿದಿತ್ತು. ಕಸ್ಟಮ್ಸ್ ಸುಂಕ ಬೇರೆ ಕಟ್ಟಿದೆ. ಒಳಗಿದ್ದ ನಿಯಮದ ಪುಸ್ತಕ ಓದಲು ಕೂತರೆ ಹತ್ತನೇ ಪುಟಕ್ಕೆ ಇಬ್ಬರಿಗೂ ತಲೆ ತಿರುಗಿತು. ಈಗ ಡಬ್ಬ ಬೀರುವಿನ ಮೇಲಿದೆ.

ನಮಗೆ ಚೆಸ್ ಬರುತ್ತದೆ, ಚೌಕಾಬಾರ ಚೆನ್ನಾಗಿ ಬರುತ್ತದೆ. ಇದನ್ನೂ ಕಲಿಯಬೇಕು ಅಂತ ನಿಜವಾಗಿ ಆಸೆಯಿದೆ. ಯಾವ ಕಾಲದ ಹಡಗು, ಯಾವ ಅಳತೆ, ಎಷ್ಟು ಖರ್ಚು, ಒಂದೂ ಗೊತ್ತಾಗುತ್ತಿಲ್ಲ. ತಿಳಿದವರು ದಾರಿ ತೋರಿಸಿ.

ಮೂಡಿಗೆರೆ ತೋಟ

ಸಾರ್, ಆ ಡಬ್ಬ ಸದ್ಯಕ್ಕೆ ಬೀರು ಮೇಲೆಯೇ ಇರಲಿ. ಬೇಜಾರು ಮಾಡಿಕೊಳ್ಳಬೇಡಿ, ಅದರ ಕಾಲವೂ ಬರುತ್ತದೆ. ಈ ಆಟಕ್ಕೆ ಬರುವ ಬಹಳ ಜನ ಮೊದಲು ಕೊಳ್ಳುತ್ತಾರೆ, ಆಡುವುದು ಹೇಗೆ ಅಂತ ಆಮೇಲೆ ಹುಡುಕುತ್ತಾರೆ. ನಾನೂ ಹಾಗೇ ಮಾಡಿದವನು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಮೊದಲು ಆಡಿ. ಒಂದು ಪೈಸೆ ಖರ್ಚು ಮಾಡದೆ ಇದೇ ಭಾನುವಾರ ಆಡಬಹುದು.

ಎರಡೇ ಎರಡು ಹಡಗು ಸಾಕು. ಎಮ್ಡನ್ ಮತ್ತು ಸಿಡ್ನಿ.

ಎಮ್ಡನ್ ಕಥೆ ನಿಮ್ಮ ಮಗನಿಗೆ ಖಂಡಿತ ಹಿಡಿಸುತ್ತದೆ. 1914ರ ಸೆಪ್ಟೆಂಬರ್ 22ರ ರಾತ್ರಿ ಮದ್ರಾಸಿನ ಎದುರು ಬಂದು ನಿಂತು, ಸ್ವಲ್ಪ ಹೊತ್ತಿನಲ್ಲೇ ನೂರಕ್ಕೂ ಹೆಚ್ಚು ಗುಂಡು ಹಾರಿಸಿ, ಎಣ್ಣೆ ಟ್ಯಾಂಕುಗಳಿಗೆ ಬೆಂಕಿ ಹಚ್ಚಿ ಮಾಯವಾದ ಜರ್ಮನ್ ಹಡಗು ಅದು. ಅದಕ್ಕೆ ಇದ್ದದ್ದು ಮೂರು ಚಿಮಣಿ. ಕ್ಯಾನ್ವಾಸಿನಿಂದ ನಾಲ್ಕನೆಯದೊಂದು ಸುಳ್ಳು ಚಿಮಣಿ ಕಟ್ಟಿಕೊಂಡು ಬ್ರಿಟಿಷ್ ಹಡಗಿನ ಹಾಗೆ ವೇಷ ಹಾಕುತ್ತಿತ್ತು. ಆ ವೇಷದಲ್ಲೇ ಅಕ್ಟೋಬರ್ 28ರಂದು ಪೆನಾಂಗ್ ಬಂದರಿಗೆ ನುಗ್ಗಿ ರಷ್ಯಾದ ಜೆಮ್‌ಚುಗ್ ಹಡಗನ್ನು ಮುಳುಗಿಸಿತು. ಕೊನೆಗೆ ನವೆಂಬರ್ 9ರಂದು ಕೋಕೋಸ್ ದ್ವೀಪದ ಹತ್ತಿರ ಆಸ್ಟ್ರೇಲಿಯಾದ ಸಿಡ್ನಿಗೆ ಸಿಕ್ಕಿಬಿತ್ತು. ಒಂದು ಹಡಗಿಗೆ ಒಂದು ಹಡಗು. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಯುದ್ಧ ನನಗೆ ಗೊತ್ತಿಲ್ಲ.

ಈಗ ಅಳತೆ. ಎಲ್ಲರೂ ಎಡವುವುದು ಇಲ್ಲೇ, ಸ್ವಲ್ಪ ನಿಧಾನವಾಗಿ ಓದಿ. ಹಡಗಿನ ಅಳತೆ ಬೇರೆ, ಸಮುದ್ರದ ಅಳತೆ ಬೇರೆ. ಎಮ್ಡನ್ ನಿಜದಲ್ಲಿ 118 ಮೀಟರ್ ಉದ್ದ. 1/2400 ಅಳತೆಯಲ್ಲಿ ಮಾಡಿದರೆ ಸುಮಾರು 5 ಸೆಂ.ಮೀ. ಆಗುತ್ತದೆ, ಅಂಗೈಯಲ್ಲಿ ಚೆಂದ ಕೂರುತ್ತದೆ. ಅವತ್ತು ಗುಂಡಿನ ಕಾಳಗ ಶುರುವಾದದ್ದು ಸುಮಾರು 10,000 ಗಜ ದೂರದಿಂದ. ಅದನ್ನೂ 1/2400ರಲ್ಲೇ ಅಳೆದರೆ 3.8 ಮೀಟರ್! ಮೇಜು ಸಾಲುವುದಿಲ್ಲ, ಹಾಲ್ ದಾಟಿ ಅಡಿಗೆಮನೆಗೆ ಹೋಗಬೇಕು. ಅದಕ್ಕೇ ಹಡಗನ್ನು ಅದರ ಅಳತೆಗೆ ಬಿಟ್ಟು, ದೂರಕ್ಕೆ ಬೇರೆ ಲೆಕ್ಕ ಇಟ್ಟುಕೊಳ್ಳುತ್ತೇವೆ. ಒಂದು ಸೆಂ.ಮೀ. ಅಂದರೆ 100 ಗಜ. ಆಗ 10,000 ಗಜ ಅಂದರೆ ಒಂದು ಮೀಟರ್. ಮುಗಿಯಿತು.

ಇದರಲ್ಲಿ ಇನ್ನೊಂದು ಚಂದ ಇದೆ. ಹಡಗಿನ ವೇಗವನ್ನು ನಾಟ್‌ಗಳಲ್ಲಿ ಹೇಳುತ್ತಾರಲ್ವಾ. ಒಂದು ಹಡಗು ಎಷ್ಟು ನಾಟ್ ವೇಗದಲ್ಲಿ ಹೋಗುತ್ತಿದೆಯೋ, ಮೂರು ನಿಮಿಷಕ್ಕೆ ಹೆಚ್ಚುಕಡಿಮೆ ಅಷ್ಟೇ ನೂರು ಗಜ ಸಾಗುತ್ತದೆ. 24 ನಾಟ್ ಅಂದರೆ ಮೂರು ನಿಮಿಷಕ್ಕೆ 2,400 ಗಜ. ಹಾಗಾಗಿ ಆಟದ ಒಂದು ಸುತ್ತನ್ನು ಮೂರು ನಿಮಿಷ ಅಂತ ಇಟ್ಟುಕೊಂಡರೆ, ವೇಗ ಎಷ್ಟೋ ಅಷ್ಟೇ ಸೆಂ.ಮೀ. ನಡೆಸಿದರೆ ಸಾಕು. ಎಮ್ಡನ್ 23 ಸೆಂ.ಮೀ., ಸಿಡ್ನಿ 25 ಸೆಂ.ಮೀ. ಕೋಷ್ಟಕ ಬೇಡ, ಕ್ಯಾಲ್ಕ್ಯುಲೇಟರ್ ಬೇಡ.

ಫಿರಂಗಿ ಲೆಕ್ಕ ಹೀಗೆ. ಎಮ್ಡನ್‌ಗೆ 10.5 ಸೆಂ.ಮೀ. ಬಾಯಿಯ ಹತ್ತು ಫಿರಂಗಿ, ಸಿಡ್ನಿಗೆ 6 ಇಂಚಿನ ಎಂಟು. ಎರಡೂ ಹಡಗು ಪಕ್ಕ ತಿರುಗಿಸಿ ನಿಂತರೆ ಒಂದು ಬದಿಗೆ ಐದೈದೇ ಹೊಡೆಯಲು ಸಾಧ್ಯ. ಹಾಗಾಗಿ ಇಬ್ಬರಿಗೂ ಐದೈದು ದಾಳ. ಮೂತಿ ಮುಂದೆ ಮಾಡಿ ಎದುರಾಳಿಯ ಕಡೆ ನುಗ್ಗಿದರೆ ಎರಡೇ ದಾಳ. 80 ಸೆಂ.ಮೀ.ಗಿಂತ ದೂರವಿದ್ದರೆ 6 ಬಿದ್ದರೆ ಮಾತ್ರ ಪೆಟ್ಟು. 40ರಿಂದ 80ರ ಒಳಗೆ 5 ಅಥವಾ 6. ಅದಕ್ಕಿಂತ ಹತ್ತಿರ 4, 5, 6. ಎಮ್ಡನ್‌ನ ಗುಂಡು ಸುಮಾರು 17 ಕಿಲೋ, ಸಿಡ್ನಿಯದು 45 ಕಿಲೋ. ಅದಕ್ಕೆ ಎಮ್ಡನ್ ಹೊಡೆದರೆ ಒಂದು ಅಂಕ, ಸಿಡ್ನಿ ಹೊಡೆದರೆ ಮೂರು ಅಂಕ. ಹಡಗಿನ ಜೀವ ನೂರು ಟನ್ನಿಗೆ ಒಂದು ಅಂಕದ ಹಾಗೆ: ಎಮ್ಡನ್ 36, ಸಿಡ್ನಿ 54. ಅರ್ಧ ಜೀವ ಹೋದರೆ ವೇಗವೂ ಅರ್ಧ.

ಇನ್ನೊಂದೇ ನಿಯಮ. ಎಮ್ಡನ್ ಒಂದೇ ಸಲಕ್ಕೆ ಎರಡು ಆರು ಹಾಕಿದರೆ ಸಿಡ್ನಿಯ ದೂರಮಾಪಕ ಹೋಯಿತು ಅಂತ ಲೆಕ್ಕ. ಮುಂದಿನ ಮೂರು ಸುತ್ತು ಸಿಡ್ನಿಗೆ ಎರಡು ದಾಳ ಕಡಿಮೆ. ಇದು ನಾನು ಸುಮ್ನೆ ಸೇರಿಸಿದ್ದಲ್ಲ. ಅವತ್ತು ನಿಜವಾಗಲೂ ಎಮ್ಡನ್‌ನ ಮೊದಮೊದಲ ಗುಂಡುಗಳು ಸಿಡ್ನಿಯ ದೂರಮಾಪಕಕ್ಕೇ ಬಿದ್ದವು.

ನಡೆಸುವಾಗ ಚೆಸ್ ಥರ ಒಬ್ಬರಾದ ಮೇಲೆ ಒಬ್ಬರು ನಡೆಸಬೇಡಿ. ಇಬ್ಬರೂ ಚೀಟಿಯಲ್ಲಿ ಗುಟ್ಟಾಗಿ ಬರೆಯಬೇಕು: ವೇಗ ಎಷ್ಟು, ತಿರುಗುವುದು ಯಾವ ಕಡೆ, ಎಷ್ಟು. ಒಂದು ಸುತ್ತಿಗೆ 45 ಡಿಗ್ರಿಗಿಂತ ಜಾಸ್ತಿ ತಿರುಗುವ ಹಾಗಿಲ್ಲ. ಚೀಟಿ ಒಟ್ಟಿಗೆ ತೆರೆದು ಒಟ್ಟಿಗೆ ನಡೆಸಿ. ಹಡಗಿಗೆ ಬ್ರೇಕ್ ಇಲ್ಲ ಸಾರ್. ಮೂರು ನಿಮಿಷ ಆದ ಮೇಲೆ ಎದುರಾಳಿ ಎಲ್ಲಿರುತ್ತಾನೆ ಅಂತ ಈಗಲೇ ಊಹಿಸಬೇಕು. ನನ್ನ ಮಟ್ಟಿಗೆ ಆಟದ ಜೀವ ಇರುವುದು ಆ ಚೀಟಿಯಲ್ಲಿ.

ಹಡಗಿಗೆ ಹಳೇ ಲಗ್ನಪತ್ರಿಕೆ ಕತ್ತರಿಸಿ. ರಟ್ಟು ಗಟ್ಟಿ ಇರುತ್ತದೆ.

ಸಾಲಗಾಮೆ ರಸ್ತೆ

ಅಣ್ಣಾ, ಇಷ್ಟು ತಾಳ್ಮೆಯಿಂದ ಬರೆದಿದ್ದಕ್ಕೆ ತುಂಬ ಥ್ಯಾಂಕ್ಸ್. ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದ್ದೇನೆ. ಎರಡು ಪ್ರಶ್ನೆ. ಒಂದು, ಮಗ ಲೆಕ್ಕ ಹಾಕಿ ಹೇಳುತ್ತಿದ್ದಾನೆ: "ಎಮ್ಡನ್ ಹೇಗೂ ಸೋಲುತ್ತೆ, ಅದನ್ನು ಯಾರು ಆಡ್ತಾರೆ?" ಎರಡು, ನಮ್ಮ ಹಾಲ್‌ನಲ್ಲಿ ಎರಡಡಿಯ ಟೈಲ್ಸ್ ಇದೆ. ನೆಲದ ಮೇಲೆ ಆಡಬಹುದಾ?

ಮೂಡಿಗೆರೆ ತೋಟ

ಮಗ ಸರಿಯಾಗಿ ಹಿಡಿದಿದ್ದಾನೆ. ಅದಕ್ಕೇ ಗೆಲುವಿನ ಲೆಕ್ಕ ಬೇರೆ ಇಡಬೇಕು. ಎಮ್ಡನ್ ತಾನು ಮುಳುಗುವುದರೊಳಗೆ ಸಿಡ್ನಿಗೆ 15 ಅಂಕದ ಪೆಟ್ಟು ಕೊಟ್ಟರೆ ಎಮ್ಡನ್ ಆಡಿದವನೇ ಗೆದ್ದ. ಸಿಡ್ನಿಗೆ ಕಾಯುವ ಕೆಲಸ ಇತ್ತು. ಸೈನಿಕರನ್ನು ಹೊತ್ತ ಹಡಗುಗಳ ದೊಡ್ಡ ಸಾಲಿಗೆ ಬೆಂಗಾವಲಾಗಿ ಬಂದಿತ್ತು. ಅದು ಕೈಕಾಲು ಮುರಿದುಕೊಂಡು ಕೂರುವ ಹಾಗಿರಲಿಲ್ಲ. ಸೋಲುವ ಕಡೆಯವನಿಗೂ ಗೆಲ್ಲಲು ಒಂದು ದಾರಿ ಇದ್ದರೇನೇ ಆಟ ರುಚಿ.

ನೆಲದ ಮೇಲೆ ಧಾರಾಳವಾಗಿ ಆಡಿ. ಫ್ಲೆಚರ್ ಪ್ರ್ಯಾಟ್ ಅನ್ನುವ ಅಮೆರಿಕದ ಲೇಖಕರು ಈ ಆಟವನ್ನು ದೊಡ್ಡ ಹಾಲ್‌ಗಳ ನೆಲದ ಮೇಲೇ ಆಡಿಸುತ್ತಿದ್ದರು. ಅವರ ಆಟದಲ್ಲಿ ದಾಳಕ್ಕಿಂತ ಕಣ್ಣಳತೆಗೇ ಬೆಲೆ. ದೂರ ಎಷ್ಟು ಅಂತ ಬರೆದುಕೊಟ್ಟು ಆಮೇಲೆ ಟೇಪ್ ಹಿಡಿದು ನೋಡುವುದು. ಆದರೆ ನಿಮ್ಮ ಟೈಲ್ಸ್ ಒಂದೊಂದೂ 60 ಸೆಂ.ಮೀ., ಅಂದರೆ 6,000 ಗಜ. ಟೈಲ್ಸಿನ ಗೆರೆ ಎಣಿಸಿ ನಿಮ್ಮ ಮಗ ದೂರ ಹೇಳಿಬಿಡುತ್ತಾನೆ. ಮೇಲೆ ನೀಲಿ ಬೆಡ್‌ಶೀಟ್ ಹಾಸಿ.

ಅರಸೀಕೆರೆ ಜಂಕ್ಷನ್

ಈ ಚರ್ಚೆ ನೋಡಿ ಸುಮ್ಮನಿರಲು ಆಗಲಿಲ್ಲ. ನಾನು 15 ವರ್ಷ ನೇವಿಯಲ್ಲಿ ಇದ್ದು ಬಂದವನು. ಕಾರವಾರದಲ್ಲೂ ಇದ್ದೆ.

ಮೊದಲು ಚಪಲ್ ವಿಷಯ. ಅದು 1971ರ ಯುದ್ಧ ಮಾಡಿದ ಹಡಗು ಅಂತ ಕೆಲವರು ಹೇಳುತ್ತಾರೆ. ಅಲ್ಲ. ಚಪಲ್ ಸೇರಿದ್ದು 1976ರಲ್ಲಿ. ಆದರೆ ಆ ಯುದ್ಧ ಮಾಡಿದ ಕ್ಷಿಪಣಿ ದೋಣಿಗಳ ಓಸಾ ಜಾತಿಯದೇ, ಎರಡನೇ ತಲೆಮಾರಿನದು. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ದಾಳಿಗೆ ಹೋದದ್ದು ನಿಪಾತ್, ನಿರ್ಘಾತ್, ವೀರ್. ಜೊತೆಗೆ ಕಿಲ್ತಾನ್ ಮತ್ತು ಕಛಾಲ್. ಪಾಕಿಸ್ತಾನದ ಖೈಬರ್ ನಿರ್ಘಾತ್‌ನ ಕ್ಷಿಪಣಿಗೆ ಮುಳುಗಿತು, ಮುಹಾಫಿಜ್ ವೀರ್‌ನ ಕ್ಷಿಪಣಿಗೆ. ಅದಕ್ಕೇ ಡಿಸೆಂಬರ್ 4 ನಮ್ಮ ನೌಕಾಪಡೆ ದಿನ.

ನಿಮ್ಮ ಮಗ ಕೇಳಿದ ಪ್ರಶ್ನೆಗೆ ಉತ್ತರ ಇದು. ಆ ದೋಣಿಯ ಮೇಲೆ ಇದ್ದದ್ದು ನಾಲ್ಕು ಸ್ಟಿಕ್ಸ್ ಕ್ಷಿಪಣಿ. ಒಂದೊಂದೂ ಸುಮಾರು 40 ಕಿ.ಮೀ. ಹೋಗುತ್ತಿತ್ತು. ಹಡಗು ಚಿಕ್ಕದಾದರೂ ಕೈ ಉದ್ದ. ಮೂಡಿಗೆರೆಯವರ ಲೆಕ್ಕದಲ್ಲಿ ಹಿಡಿದರೆ 40 ಕಿ.ಮೀ. ಅಂದರೆ ಸುಮಾರು 4.4 ಮೀಟರ್. ಹಾಲ್ ಸಾಲುವುದಿಲ್ಲ. ಅಷ್ಟೇ ಅಲ್ಲ, ಆಟದ ಜಾತಿಯೇ ಬೇರೆ ಆಗುತ್ತದೆ. ಎಮ್ಡನ್ ಕಾಲದಲ್ಲಿ ಪ್ರಶ್ನೆ ಏನೆಂದರೆ, ಪಕ್ಕ ಹೇಗೆ ತಿರುಗಿಸಲಿ. 1971ರಲ್ಲಿ ಪ್ರಶ್ನೆ ಏನೆಂದರೆ, ಅವನು ನನ್ನನ್ನು ನೋಡುವ ಮೊದಲು ನಾನು ಅವನನ್ನು ನೋಡಿದೆನಾ. ರೇಡಾರ್ ಪರದೆ ಮೇಲೆ ಒಂದು ಚುಕ್ಕೆ. ಅದು ಯುದ್ಧನೌಕೆಯೋ, ಸರಕಿನ ಹಡಗೋ, ಮೀನುಗಾರರ ದೋಣಿಯೋ. ಅದನ್ನು ಆಡಬೇಕಾದರೆ ಮಧ್ಯೆ ಒಬ್ಬರು ನಡೆಸುವವರು ಬೇಕು. ಎರಡೂ ಕಡೆಯವರು ಬೇರೆ ಬೇರೆ ಕೋಣೆಯಲ್ಲಿ ಕೂತು, ತಮಗೆ ಕಂಡಷ್ಟನ್ನೇ ತಿಳಿದುಕೊಂಡು ಆಡಬೇಕು. ಆರು ತಿಂಗಳು ಬೇರೆ ಆಟ ಆಡಿ ಆಮೇಲೆ ಇದಕ್ಕೆ ಬನ್ನಿ.

ಮನಸ್ಸಿನಲ್ಲಿ ಇದ್ದದ್ದನ್ನು ಹೇಳಿಬಿಡುತ್ತೇನೆ. ಮುಂದೆ ಯಾವತ್ತಾದರೂ ಖುಕ್ರಿಯನ್ನು, ಅಂದರೆ ಪಾಕಿಸ್ತಾನದ ಜಲಾಂತರ್ಗಾಮಿ ಮುಳುಗಿಸಿದ ನಮ್ಮ ಯುದ್ಧನೌಕೆಯನ್ನು, ಆಡುವ ಯೋಚನೆ ಬಂದರೆ ಆಡಿ, ಬೇಡ ಅನ್ನುವುದಿಲ್ಲ. ಆದರೆ ಮೊದಲು ಆ ರಾತ್ರಿಯ ಕಥೆ ಹುಡುಗನಿಗೆ ಪೂರ್ತಿ ಹೇಳಿ. 1971ರ ಡಿಸೆಂಬರ್ 9. 18 ಅಧಿಕಾರಿಗಳು, 176 ನಾವಿಕರು ಹಡಗಿನ ಜೊತೆ ಹೋದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ. ನಾವು ಟ್ರೈನಿಂಗಿನಲ್ಲಿ ಆ ಹೆಸರು ಕೇಳಿ ಬೆಳೆದವರು.

ಮೂಡಿಗೆರೆ ತೋಟ

ಸರಿಯಾದ ಮಾತು ಹೇಳಿದಿರಿ ಸಾರ್. ಎಮ್ಡನ್‌ನಲ್ಲೂ 130ಕ್ಕೂ ಹೆಚ್ಚು ಜನ ಸತ್ತರು, ಸಿಡ್ನಿಯಲ್ಲಿ ನಾಲ್ವರು. ನಾನು ಹೊಸಬರಿಗೆ ಆಡಿಸುವಾಗ ಹಡಗಿನ ಕಾರ್ಡಿನ ಮೇಲೆ ಫಿರಂಗಿಯ ಲೆಕ್ಕದ ಕೆಳಗೇ ಈ ಲೆಕ್ಕವನ್ನೂ ಬರೆದಿರುತ್ತೇನೆ.

ಬೇಲೂರು ಬೀದಿ

ಅಣ್ಣಂದಿರಾ, ಹಾಯಿಹಡಗನ್ನು ಬೀರು ಮೇಲೆ ಇಡಿಸಿದ್ದಕ್ಕೆ ನನ್ನ ಆಕ್ಷೇಪ ಇದೆ! ನಾನು ಕಾಲೇಜು ಹುಡುಗ, ಮೂರು ವರ್ಷದಿಂದ ಬರೀ ಹಾಯಿಹಡಗೇ ಆಡುವುದು.

ಹಾಯಿಹಡಗಿನಲ್ಲಿ ಅಳತೆಯ ಗೊಂದಲವೇ ಇಲ್ಲ. ಅವರು ಹೊಡೆದಾಡಿದ್ದು ಹತ್ತಿರದಿಂದ, ಕೆಲವು ನೂರು ಗಜಗಳಲ್ಲಿ. 1/1200 ಅಳತೆಯಲ್ಲಿ 100 ಗಜ ಅಂದರೆ ಏಳೂವರೆ ಸೆಂ.ಮೀ. ಆಗುತ್ತದೆ. 74 ಫಿರಂಗಿಯ ಹಡಗು ನಾಲ್ಕೂವರೆ ಸೆಂ.ಮೀ. ಆಸುಪಾಸು. ಹಡಗಿಗೂ ಸಮುದ್ರಕ್ಕೂ ಒಂದೇ ಅಳತೆ ಇಟ್ಟುಕೊಂಡು ಊಟದ ಮೇಜಿನ ಮೇಲೆ ಆಡಬಹುದು. ಕಣ್ಣಿಗೆ ಕಾಣುವುದೇ ನಿಜ.

ಮತ್ತೆ, ಇದರಲ್ಲಿ ನಮ್ಮವರ ಕಥೆಯೂ ಇದೆ. 1782-83ರಲ್ಲಿ ಫ್ರೆಂಚರ ಸುಫ್ರೆನ್ ಮತ್ತು ಇಂಗ್ಲಿಷರ ಎಡ್ವರ್ಡ್ ಹ್ಯೂಸ್ ಐದು ಸಲ ಹೊಡೆದಾಡಿದರು. ನಾಲ್ಕು ಸಲ ನಮ್ಮ ಪೂರ್ವ ಕರಾವಳಿ ಮತ್ತು ಸಿಂಹಳದ ನೀರಿನಲ್ಲಿ 1782ರಲ್ಲೇ, ಐದನೆಯದು 1783ರ ಜೂನ್ 20ರಂದು ಕಡಲೂರಿನ ಎದುರು. ಆ ಹೊತ್ತಿಗೆ ನೆಲದ ಮೇಲೆ ಇಂಗ್ಲಿಷರ ಜೊತೆ ಯುದ್ಧ ಮಾಡುತ್ತಿದ್ದದ್ದು ಮೈಸೂರಿನ ಹೈದರ್ ಅಲಿ, 1782ರ ಡಿಸೆಂಬರಿನಲ್ಲಿ ಅವನು ತೀರಿಕೊಂಡ ಮೇಲೆ ಮಗ ಟಿಪ್ಪು. 1782ರ ಜುಲೈನಲ್ಲಿ ಸುಫ್ರೆನ್ ಹಡಗಿನಿಂದ ಇಳಿದು ಬಂದು ಹೈದರನನ್ನು ಭೇಟಿಯಾದ. ಅದೇ ಹ್ಯೂಸ್ 1780ರಲ್ಲಿ ಮಂಗಳೂರಿನಲ್ಲಿ ಹೈದರನ ಹಡಗುಗಳನ್ನು ಸುಟ್ಟವನು. ಶಾಲೆಯ ಇತಿಹಾಸದಲ್ಲಿ ಹೈದರನ ಕುದುರೆ, ಫಿರಂಗಿ, ಕೋಟೆ ಎಲ್ಲ ಓದಿದ್ದೆ. ಅವನ ಯುದ್ಧದ ಒಂದು ಭಾಗ ಸಮುದ್ರದಲ್ಲಿ ನಡೆಯಿತು ಅಂತ ನನಗೆ ಗೊತ್ತಾಗಿದ್ದು ಈ ಆಟದಿಂದ.

ಗಾಳಿಯ ವಿಷಯ. ಆ ಹಡಗುಗಳು ಗಾಳಿ ಬರುವ ದಿಕ್ಕಿಗೆ ನೇರ ಹೋಗಲು ಆಗುವುದಿಲ್ಲ. ಎರಡೂ ಪಕ್ಕ ಸುಮಾರು 67 ಡಿಗ್ರಿಯೊಳಗೆ ದಾರಿಯೇ ಬಂದ್. ಗಾಳಿಯ ಮೇಲ್ಗಡೆ, ಅಂದರೆ ಗಾಳಿ ಬರುವ ಕಡೆ ಇರುವವನಿಗೆ ಯಾವಾಗ ಮೇಲೆ ಬೀಳಬೇಕು ಅನ್ನುವ ಆಯ್ಕೆ ಇರುತ್ತದೆ. ಕೆಳಗಡೆ ಇರುವವನಿಗೆ ಓಡಿಹೋಗುವ ಆಯ್ಕೆ ಇರುತ್ತದೆ. 1782ರ ಜುಲೈ 6ರಂದು ನಾಗಪಟ್ಟಣದಲ್ಲಿ 11 ಹಡಗಿಗೆ 11 ಹಡಗು ಸಾಲುಗಟ್ಟಿ ಹೊಡೆದಾಡುತ್ತಿದ್ದಾಗ ಮಧ್ಯಾಹ್ನ ಗಾಳಿ ಏಕ್‌ದಂ ತಿರುಗಿತು. ಎರಡೂ ಸಾಲು ಚೆಲ್ಲಾಪಿಲ್ಲಿ. ನಾನು ಅದನ್ನು ಆಡುವಾಗ ಪ್ರತಿ ಸುತ್ತಿಗೆ ಗಾಳಿಗೊಂದು ದಾಳ ಹಾಕುತ್ತೇನೆ. ಒಂದು ಬಿದ್ದರೆ ಗಾಳಿ ತಿರುಗಿತು. ಎಲ್ಲರೂ ಉಸಿರು ಬಿಗಿಹಿಡಿದು ಆ ದಾಳವನ್ನೇ ನೋಡುತ್ತಿರುತ್ತಾರೆ.

ಹಡಗು ಮಾಡಲು ನಾನು ಬಳಸುವುದು ಹಾಲವಾಣದ ಮರ. ನಮ್ಮ ದೊಡ್ಡಪ್ಪನ ತೋಟದಲ್ಲಿ ನೆರಳು ಕಸಿ ಮಾಡುವಾಗ ಕಡಿದ ಕೊಂಬೆ ಬೇಕಾದಷ್ಟು ಬಿದ್ದಿರುತ್ತದೆ. ಒಣಗಿಸಿದರೆ ಹತ್ತಿಯಷ್ಟು ಹಗುರ, ಬ್ಲೇಡಿನಲ್ಲೇ ಕೆತ್ತಬಹುದು. ಕಂಬಕ್ಕೆ ತೆಂಗಿನ ಪೊರಕೆಯ ಕಡ್ಡಿ. ಹಾಯಿಗೆ ಬಟರ್ ಪೇಪರ್. ಅದನ್ನು ಪೆನ್ನಿನ ಮೇಲೆ ಸುತ್ತಿ ಬಿಟ್ಟರೆ ಗಾಳಿ ತುಂಬಿದ ಹಾಗೆ ಉಬ್ಬುತ್ತದೆ.

ಅಣ್ಣಾ, ನಿಮ್ಮ ಮುರಿದ ಕಂಬಗಳನ್ನೂ ಪೊರಕೆ ಕಡ್ಡಿಯಲ್ಲಿ ಸರಿ ಮಾಡಬಹುದು. ಬೇಲೂರಿಗೆ ಬಂದರೆ ನಾನೇ ಕೂತು ಮಾಡಿಕೊಡುತ್ತೇನೆ.

ಕೋಟೆ ಚಿಕ್ಕಮಗಳೂರು

ಕಸಿ ಕಾಲ ಮುಗಿದಿದೆ, ಒಣಗಿದ ಹಾಲವಾಣ ಈಗ ಎಲ್ಲಿ ಸಿಗುತ್ತದೆ? ಬಣ್ಣ, ಅಂಟು ಎಲ್ಲ ಚಿಕ್ಕಮಗಳೂರಲ್ಲೇ ಸಿಗುತ್ತಾ, ಬೆಂಗಳೂರಿಗೆ ಹೋಗಬೇಕಾ?

ಗೊರೂರು ಹಿನ್ನೀರು

ಬೆಂಗಳೂರು ಬೇಡ. ಶಾಲೆ ಸಾಮಾನು ಮಾರುವ ಸ್ಟೇಷನರಿ ಅಂಗಡಿಯಲ್ಲಿ ಅಕ್ರಿಲಿಕ್ ಬಣ್ಣ, ಫೆವಿಕಾಲ್, ಫೆವಿಕ್ವಿಕ್ ಸಿಗುತ್ತದೆ. ಪ್ರಾಜೆಕ್ಟ್ ವರ್ಕಿಗೆ ಮಕ್ಕಳು ಒಯ್ಯುವ ಸನ್‌ಬೋರ್ಡ್ ಕೂಡ ಹಡಗಿನ ಮೈಗೆ ಚೆನ್ನಾಗಿದೆ. ಸಮುದ್ರಕ್ಕೆ ನಾನು ಫ್ಲೆಕ್ಸ್ ಅಂಗಡಿಗೆ ಹೋಗಿ ನೀಲಿ ನೀರಿನ ಚಿತ್ರ ಕೊಟ್ಟು ಆರಡಿಗೆ ನಾಲ್ಕಡಿ ಹೊಡೆಸಿದೆ. ಮುನ್ನೂರು ರೂಪಾಯಿ ಆಯಿತು. ಸುತ್ತಿ ಮೂಲೆಯಲ್ಲಿ ನಿಲ್ಲಿಸಿದರೆ ಜಾಗವೂ ಬೇಡ. ಹೊಳಪು ಜಾಸ್ತಿ ಅನ್ನಿಸಿದರೆ ಲೈಟು ಪಕ್ಕದಿಂದ ಬೀಳುವ ಹಾಗೆ ಇಟ್ಟುಕೊಳ್ಳಿ.

ನನ್ನ ಹತ್ತಿರ ರೆಸಿನ್ 3ಡಿ ಪ್ರಿಂಟರ್ ಇದೆ. 1/2400ರ ಹಡಗು ಮುದ್ರಿಸಿದ್ದೇನೆ. ಒಂದು ಅನುಭವ ಹೇಳುತ್ತೇನೆ. ಮೊದಲ ಸಲ ನಿಜವಾದ ಅಳತೆಗೇ ಫಿರಂಗಿ ನಳಿಗೆ ಇಟ್ಟೆ. ಮೂರು ಮಿಲಿಮೀಟರ್ ಉದ್ದ, ಕೂದಲಿನಷ್ಟು ದಪ್ಪ. ತೊಳೆಯುವಾಗಲೇ ಅರ್ಧ ಉದುರಿದವು. ಈಗ ನಳಿಗೆಯನ್ನು ಮೂರು ಪಟ್ಟು ದಪ್ಪ ಮಾಡುತ್ತೇನೆ. ಒಂದಡಿ ದೂರದಿಂದ ನೋಡಿದರೆ ಅದೇ ಸರಿ ಕಾಣುತ್ತದೆ. ಮುದ್ರಿಸುವವರು ದಯವಿಟ್ಟು ಕೈಗವಸು ಹಾಕಿ, ಕಿಟಕಿ ತೆಗೆದಿಡಿ. ಗಟ್ಟಿಯಾಗದ ರೆಸಿನ್ ಚರ್ಮಕ್ಕೆ ತಾಗಬಾರದು. ಮಕ್ಕಳನ್ನು ಆ ಕೆಲಸಕ್ಕೆ ಬಿಡಬೇಡಿ, ಬಣ್ಣ ಹಚ್ಚಲು ಬಿಡಿ.

ಬಣ್ಣ ಹೀಗೆ. ಇಡೀ ಹಡಗಿಗೆ ಕಡು ಬೂದು. ಒಣಗಿದ ಮೇಲೆ ಕಪ್ಪು ಬಣ್ಣಕ್ಕೆ ನೀರು ಜಾಸ್ತಿ ಹಾಕಿ, ಟೀ ಡಿಕಾಕ್ಷನ್ನಿನಷ್ಟು ತೆಳ್ಳಗೆ ಮಾಡಿ ಮೇಲೆ ಬಿಡಿ. ಸಂದುಗಳಿಗೆ ತಾನೇ ಇಳಿದು ನಿಲ್ಲುತ್ತದೆ. ಅದೂ ಒಣಗಲಿ. ಈಗ ತಿಳಿ ಬೂದು ಬಣ್ಣಕ್ಕೆ ಬ್ರಷ್ ಅದ್ದಿ, ಹಳೇ ಬಟ್ಟೆಗೆ ಒರೆಸಿ ಒರೆಸಿ, ಬ್ರಷ್‌ನಲ್ಲಿ ಬಣ್ಣವೇ ಇಲ್ಲ ಅನ್ನಿಸುವ ಹಾಗೆ ಮಾಡಿ, ಹಡಗಿನ ಮೇಲೆ ಮೆಲ್ಲಗೆ ಸವರಿ. ಅಂಚುಗಳು ಮಾತ್ರ ಬಣ್ಣ ಹಿಡಿಯುತ್ತವೆ. ಚಿಮಣಿ, ಫಿರಂಗಿ, ರೇಲಿಂಗು ಒಂದೊಂದೇ ಎದ್ದು ಬರುತ್ತವೆ. ಮೊದಲ ಸಲ ಅದನ್ನು ನೋಡಿದಾಗ ನಾನು ಅಮ್ಮನನ್ನು ಕರೆದು ತೋರಿಸಿದ್ದೆ.

ತಳಕ್ಕೆ ರಟ್ಟಿನ ತುಂಡು, ಅದರ ಮೇಲೆ ಫೆವಿಕಾಲ್ ಹಚ್ಚಿ ಟಿಶ್ಯೂ ಪೇಪರ್ ಸುಕ್ಕು ಸುಕ್ಕಾಗಿ ಅಂಟಿಸಿ. ನೀಲಿ ಬಳಿದು ಹಿಂದೆ ಬಿಳಿ ನೊರೆ ಎಳೆದರೆ ಹಡಗು ಓಡುತ್ತಿದೆ ಅನ್ನಿಸುತ್ತದೆ.

ಮೂಡಿಗೆರೆ ತೋಟ

ಮೇಡಂ ಹೇಳಿದ್ದಕ್ಕೆ ಮಲೆನಾಡಿನವರಿಗೆ ಒಂದು ಸೇರಿಸುತ್ತೇನೆ. ರಟ್ಟಿನ ತಳಕ್ಕೆ ಎರಡೂ ಬದಿ ವಾರ್ನಿಷ್ ಹೊಡೆಯಿರಿ. ನಮ್ಮಲ್ಲಿ ಜೂನ್ ಜುಲೈ ಮಳೆಗೆ ನನ್ನ ಒಂದಿಡೀ ಸಾಲು ಹಡಗಿನ ತಳ ಹಪ್ಪಳದ ಹಾಗೆ ಮೇಲೆದ್ದು, ಬೂಷ್ಟು ಹಿಡಿಯಿತು. ಈಗ ಸ್ಟೀಲ್ ಡಬ್ಬದಲ್ಲಿ, ಅಕ್ಕಿಯ ಪುಟ್ಟ ಗಂಟಿನ ಜೊತೆ ಇಡುತ್ತೇನೆ.

ಕೋಟೆಯವರೇ, ಒಣಗಿದ ಹಾಲವಾಣ ನಮ್ಮ ಕೊಟ್ಟಿಗೆಯಲ್ಲಿದೆ. ಎಷ್ಟು ಬೇಕೋ ಒಯ್ಯಿರಿ.

ಸಾಲಗಾಮೆ ರಸ್ತೆ

ಆಡಿದೆವು! ವಿವರವಾಗಿ ಬರೆಯುತ್ತೇನೆ, ತಪ್ಪು ಇದ್ದರೆ ತಿದ್ದಿ.

ಭಾನುವಾರ ಊಟ ಆದ ಮೇಲೆ ಹಾಲ್‌ನ ಸೋಫಾ ಸರಿಸಿ ಬೆಡ್‌ಶೀಟ್ ಹಾಸಿದೆವು. ಹಡಗು ನಮ್ಮ ಭಾವಮೈದನ ಮದುವೆಯ ಲಗ್ನಪತ್ರಿಕೆಯದು. ಎಮ್ಡನ್‌ನ ಬೆನ್ನಲ್ಲಿ ಇನ್ನೂ ಅರ್ಧ ಗಣಪತಿ ಇದ್ದಾನೆ. ಮಗ ಎಮ್ಡನ್ ತೆಗೆದುಕೊಂಡ. ನಾನು ಸಿಡ್ನಿ. ಮನೆಯವರು ಅಂಕ ಬರೆಯಲು ಕೂತರು. ಮಧ್ಯೆ ಒಂದು ಮೀಟರ್.

ಮೊದಲ ಚೀಟಿ ತೆರೆದರೆ ಮಗ ಬರೆದಿದ್ದು "ನೇರ, 23". ಮೂತಿ ಮುಂದೆ ಮಾಡಿ ನನ್ನ ಮೇಲೇ ನುಗ್ಗಿದ. ನಾನು ಪಕ್ಕ ಕೊಟ್ಟು ನಿಂತಿದ್ದೆ. ನನಗೆ ಐದು ದಾಳ, ಅವನಿಗೆ ಎರಡು. ಅವನು 60 ಸೆಂ.ಮೀ.ಗೆ ಬರುವಷ್ಟರಲ್ಲಿ ಮೂರು ಪೆಟ್ಟು ಬಿದ್ದು 9 ಅಂಕ ಹೋಗಿತ್ತು. ಅವನು ಹೆದರಲಿಲ್ಲ. 45 ಡಿಗ್ರಿ ತಿರುಗಿಸಿ ಪಕ್ಕ ಕೊಟ್ಟ. ಐದು ದಾಳ ಒಟ್ಟಿಗೆ ಎಸೆದ. ಐದು, ಆರು, ಆರು, ಎರಡು, ಒಂದು. ಎರಡು ಆರು! ನನ್ನ ದೂರಮಾಪಕ ಹೋಯಿತು. ಅವನು ಎದ್ದು ಕುಣಿದ, ಕೆಳಗಿನ ಮನೆಯವರು ಏನಾಯಿತು ಅಂತ ಬಂದು ಬಾಗಿಲು ಬಡಿದರು.

ಆಗ ದೂರ ಹೋಗಬೇಕು ಅಂತ ಲೆಕ್ಕ ಹಾಕಿ ನಾನು ಚೀಟಿಯಲ್ಲಿ "ಎಡಕ್ಕೆ 45" ಅಂತ ಬರೆದೆ. ನಾನು ಬರೆದಿದ್ದು ನಾನು ಕೂತಿದ್ದ ಕಡೆಯಿಂದ ನೋಡಿದ ಎಡ. ಹಡಗು ನನ್ನ ಕಡೆ ಮುಖ ಮಾಡಿತ್ತು. ಹಡಗಿನ ಎಡಕ್ಕೆ ತಿರುಗಿದಾಗ ಅದು ಸೀದಾ ಎಮ್ಡನ್ ಬಾಯಿಗೇ ಹೋಯಿತು. ಚೀಟಿ ಚೀಟಿಯೇ ಅಂತ ಮನೆಯವರು ತೀರ್ಪು ಕೊಟ್ಟರು.

ಕೊನೆಗೆ ಹನ್ನೊಂದನೇ ಸುತ್ತಿಗೆ ಎಮ್ಡನ್ ಮುಳುಗಿತು. ಅಷ್ಟರಲ್ಲಿ ನನಗೆ ಬಿದ್ದ ಪೆಟ್ಟು 13. ಇನ್ನೆರಡು ಬಿದ್ದಿದ್ದರೆ ಅವನೇ ಗೆಲ್ಲುತ್ತಿದ್ದ.

ತಕ್ಷಣ ಪಕ್ಷ ಬದಲಾಯಿಸಿ ಇನ್ನೊಂದು ಆಟ. ಈಗ ಅವನು ಸಿಡ್ನಿ. ನಾನು ಹತ್ತಿರ ಹೋದ ಹಾಗೆಲ್ಲ ಅವನು ಹಿಂದೆ ಹಿಂದೆ ಸರಿದ. ಆಟದ ಉದ್ದಕ್ಕೂ 80ರ ಒಳಗೆ ಬರಲೇ ಇಲ್ಲ. "ನಿಮ್ಮದು 23, ನನ್ನದು 25 ಅಪ್ಪಾ. ನಾನು ಯಾಕೆ ಹತ್ತಿರ ಬರಲಿ?" ಅಂದ. ನನಗೆ ಸಿಕ್ಕಿದ್ದು ನಾಲ್ಕೇ ಅಂಕ. ಇದನ್ನು ನಾನು ಅವನಿಗೆ ಹೇಳಿಕೊಟ್ಟಿರಲಿಲ್ಲ.

ಅರಸೀಕೆರೆ ಜಂಕ್ಷನ್

ನಿಮ್ಮ ಮಗ ಮಾಡಿದ್ದನ್ನೇ ಅವತ್ತು ಸಿಡ್ನಿಯ ಕ್ಯಾಪ್ಟನ್ ಗ್ಲಾಸಪ್ ಮಾಡಿದ್ದು. ಮೊದಲ ಪೆಟ್ಟು ತಿಂದ ಮೇಲೆ ವೇಗ ಬಳಸಿ ದೂರ ಸರಿದು, ಎಮ್ಡನ್‌ನ ಚಿಕ್ಕ ಫಿರಂಗಿಗಳಿಗೆ ಕಷ್ಟವಾಗುವ ದೂರದಲ್ಲೇ ನಿಂತು ಹೊಡೆದ. ಹುಡುಗನಿಗೆ ನನ್ನ ಶಹಬ್ಬಾಸ್ ಹೇಳಿ.

ಎಡ ಬಲದ ತೊಂದರೆಗೆ ನಮ್ಮಲ್ಲಿ ಔಷಧಿ ಇದೆ ಸಾರ್. ಹಡಗಿನಲ್ಲಿ ಎಡ ಬಲ ಅನ್ನುವುದೇ ಇಲ್ಲ. ಪೋರ್ಟ್, ಸ್ಟಾರ್‌ಬೋರ್ಡ್. ಮೂತಿಯ ಕಡೆ ಮುಖ ಮಾಡಿ ನಿಂತರೆ ಎಡಗೈ ಕಡೆ ಪೋರ್ಟ್, ಬಲಗೈ ಕಡೆ ಸ್ಟಾರ್‌ಬೋರ್ಡ್. ನೀವು ಯಾವ ಕಡೆ ಮುಖ ಮಾಡಿ ನಿಂತರೂ ಅದು ಬದಲಾಗುವುದಿಲ್ಲ. ಪೋರ್ಟ್‌ಗೆ ಕೆಂಪು ದೀಪ, ಸ್ಟಾರ್‌ಬೋರ್ಡ್‌ಗೆ ಹಸಿರು. ರಟ್ಟಿನ ಹಡಗಿನ ಎಡ ಅಂಚಿಗೆ ಕೆಂಪು ಸ್ಕೆಚ್‌ಪೆನ್ನು, ಬಲಕ್ಕೆ ಹಸಿರು ಎಳೆಯಿರಿ. ಚೀಟಿಯಲ್ಲಿ "ಕೆಂಪು 45" ಅಂತ ಬರೆದರೆ ಸಾಕು.

ಮೂಡಿಗೆರೆ ತೋಟ

ಓದಿ ತುಂಬ ಖುಷಿಯಾಯಿತು. ಇದೇ ಎಮ್ಡನ್ ಇನ್ನೊಂದು ನಾಲ್ಕೈದು ಸಲ ಆಡಿ, ಬೇಗ ಬಿಡಬೇಡಿ. ಆಮೇಲೆ ದಕ್ಷಿಣ ಅಮೆರಿಕದ ಹತ್ತಿರ ನಡೆದ ರಿವರ್ ಪ್ಲೇಟ್ ಯುದ್ಧಕ್ಕೆ ಬನ್ನಿ. 1939ರ ಡಿಸೆಂಬರ್ 13. ಒಂದು ಕಡೆ ಜರ್ಮನ್ನರ ಗ್ರಾಫ್ ಸ್ಪೀ, 11 ಇಂಚಿನ ಆರು ಫಿರಂಗಿ. ಇನ್ನೊಂದು ಕಡೆ ಬ್ರಿಟಿಷರ ಪಕ್ಷದ ಮೂರು ಹಡಗು: ಎಕ್ಸೆಟರ್‌ಗೆ 8 ಇಂಚಿನ ಆರು, ಏಜಾಕ್ಸ್ ಮತ್ತು ಅಕಿಲೀಸ್‌ಗೆ 6 ಇಂಚಿನ ಎಂಟೆಂಟು. ದೊಡ್ಡ ಹಡಗಿನವನು ಯಾರಿಗೆ ಮೊದಲು ಹೊಡೆಯಬೇಕು? ಮೂರು ಹಡಗಿನವರು ಒಟ್ಟಿಗಿರಬೇಕಾ, ಎರಡು ಕಡೆಯಿಂದ ಕಚ್ಚಬೇಕಾ? ಒಬ್ಬೊಬ್ಬರಿಗೆ ಒಂದೊಂದು ಹಡಗು ಕೊಟ್ಟರೆ ನಾಲ್ಕು ಜನ ಆಡಬಹುದು. ಆಡುವಾಗ ಮೂವರು ಒಬ್ಬರಿಗೊಬ್ಬರು ಮಾತಾಡುವ ಹಾಗಿಲ್ಲ, ಚೀಟಿಯಲ್ಲಿ ಮೂರು ಪದ ಮಾತ್ರ ಕಳಿಸಬಹುದು ಅಂತ ಇಟ್ಟುಕೊಳ್ಳಿ.

ಆದರೆ ಅಲ್ಲಿ ಗುಂಡು ಶುರುವಾಗಿದ್ದು 20,000 ಗಜದ ಹತ್ತಿರದಿಂದ. ಎರಡು ಮೀಟರ್ ಬೇಕು, ತಿರುಗಾಡಲು ಇನ್ನೂ ಜಾಸ್ತಿ. ಹಾಲ್ ಸಾಲುವುದಿಲ್ಲ.

ಗೊರೂರು ಹಿನ್ನೀರು

ನಮ್ಮ ಮನೆಯ ತಾರಸಿ ಇದೆ. ಹಾಸನದ ಒಳಗೇ, ಮೂವತ್ತಡಿಗೆ ನಲವತ್ತಡಿ. ಅರ್ಧಕ್ಕೆ ಶೀಟ್ ಹಾಕಿಸಿದ್ದೇವೆ, ಮಳೆ ಬಂದರೂ ತೊಂದರೆ ಇಲ್ಲ. ಆ ನಾಲ್ಕು ಹಡಗು ನಾನು ಮುದ್ರಿಸಿಕೊಂಡು ಬರುತ್ತೇನೆ. ಬಣ್ಣ ಹಚ್ಚದೆ ತರುತ್ತೇನೆ, ಎಲ್ಲರೂ ಕೂತು ಹಚ್ಚೋಣ. ಯಾವ ಭಾನುವಾರ?

ಬೇಲೂರು ಬೀದಿ

ಅಕ್ಕಾ, ನಾನು ಬರುತ್ತೇನೆ. ಹಾಸನಾಂಬೆ ದರ್ಶನ ಮುಗಿದ ಮೇಲೆ ಇಟ್ಟುಕೊಳ್ಳೋಣ. ಈಗ ಹಾಸನದೊಳಗೆ ಬಸ್ಸಿಳಿದು ನಡೆಯಲೂ ಜಾಗ ಇರುವುದಿಲ್ಲ.

ಮೂಡಿಗೆರೆ ತೋಟ

ಡಿಸೆಂಬರ್ ಬೇಡ, ನಮ್ಮ ಅರೇಬಿಕಾ ಕೊಯ್ಲು ಜೋರಿರುತ್ತದೆ. ನವೆಂಬರ್ ಕೊನೆಯ ಭಾನುವಾರ ಆದರೆ ಬೆಳಿಗ್ಗೆಯೇ ಹೊರಟು ಬರುತ್ತೇನೆ. ಐದು ಮೀಟರಿನ ಟೇಪ್ ಎರಡು, ದಾಳ ಮೂವತ್ತು ನನ್ನ ಹತ್ತಿರ ಇದೆ. ಕಾಫಿಪುಡಿಯೂ ನನ್ನದೇ. ಕೋಟೆಯವರಿಗೆ ಹಾಲವಾಣ ಗಾಡಿಯಲ್ಲಿ ಹಾಕಿಕೊಂಡು ಬರುತ್ತೇನೆ.

ಅರಸೀಕೆರೆ ಜಂಕ್ಷನ್

ನಾನು ಟ್ರೈನಿಗೆ ಬರುತ್ತೇನೆ. ನಡೆಸುವವರು ಬೇಕಾದರೆ ಆ ಕೆಲಸ ನನಗಿರಲಿ. ಹುಡುಗನಿಗೆ ಮೊದಲೇ ಹೇಳಿ, ಅವನಿಗೆ ಎಕ್ಸೆಟರ್.

ಸಾಲಗಾಮೆ ರಸ್ತೆ

ಹೇಳಿದೆ ಸಾರ್. ಈಗ ನೆಲದ ಮೇಲೆ ಕೂತು ಎಕ್ಸೆಟರ್ ಉದ್ದ ಎಷ್ಟು, ವೇಗ ಎಷ್ಟು ಅಂತ ಪುಸ್ತಕದ ಹಿಂಬದಿಯಲ್ಲಿ ಬರೆದುಕೊಳ್ಳುತ್ತಿದ್ದಾನೆ. ನಾವಿಬ್ಬರೂ ಬರುತ್ತೇವೆ. ಬೀರು ಮೇಲಿನ ಡಬ್ಬವನ್ನೂ ತರುತ್ತೇನೆ. ಬೇಲೂರಿನ ತಮ್ಮ, ಪೊರಕೆ ಕಡ್ಡಿ ಮರೆಯಬೇಡ.